2,43,161 ಮತಗಳ ಅಂತರ: ಬಳ್ಳಾರಿ ಉಪಚುನಾವಣೆಯ ಒಂದು ತಪ್ಪು ಓದು

2018ರ ನವೆಂಬರ್ 6ರಂದು ಬಳ್ಳಾರಿ ಲೋಕಸಭಾ ಉಪಚುನಾವಣೆಯ ಫಲಿತಾಂಶ ಬಂದದ್ದೇ ತಡ, ಈ ಸೀಮೆಯ ರಾಜಕೀಯ ಚರಿತ್ರೆ ಬರೆಯುವವರಿಗೆಲ್ಲ ‘ಗಣಿಧಣಿಗಳ ಕೋಟೆ ಉರುಳಿತು’ ಎಂಬ ಸಿದ್ಧವಾಕ್ಯವೊಂದು ಸಿಕ್ಕಿತು. ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ ಅವರಿಗೆ 6,28,365 ಮತ, ಬಿಜೆಪಿಯ ಜೆ. ಶಾಂತಾ ಅವರಿಗೆ 3,85,204. ಅಂತರ 2,43,161. ಇಷ್ಟು ದೊಡ್ಡ ಸಂಖ್ಯೆಯನ್ನು ಕಂಡವರು ಅದರೊಳಗೆ ಏನಿದೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಆರು ತಿಂಗಳಲ್ಲೇ ಅದೇ ಕೋಟೆಯಿಂದ ಬಿಜೆಪಿ ಮತ್ತೆ ಗೆದ್ದುಬಂದಾಗಲೂ ಈ ವಾಕ್ಯವನ್ನು ಯಾರೂ ತಿದ್ದಲಿಲ್ಲ. ಆ ತಿದ್ದುಪಡಿಗಾಗಿಯೇ ಈ ಬರಹ.

ಚುನಾವಣೆ ನಡೆದದ್ದೇ ಯಾಕೆ ಎಂಬುದನ್ನು ಮೊದಲು ತೀರ್ಮಾನಿಸಬೇಕು. ಕೆಲವೇ ತಿಂಗಳ ಅವಧಿಗೆ ಬಲವಂತವಾಗಿ ಹೇರಿದ ಚುನಾವಣೆ ಎಂಬ ದೂರು ಅಂದು ಇತ್ತು, ಇಂದಿಗೂ ಕೆಲವರ ಬರಹದಲ್ಲಿ ಇಣುಕುತ್ತದೆ. ಚುನಾವಣಾ ಆಯೋಗ 2018ರ ಅಕ್ಟೋಬರ್ 9ರಂದು ಹೊರಡಿಸಿದ ಸ್ಪಷ್ಟೀಕರಣವನ್ನು ಇವರು ಓದಿದಂತಿಲ್ಲ. ಪ್ರಜಾಪ್ರತಿನಿಧಿ ಕಾಯ್ದೆಯ 151ಎ ಕಲಮಿನಂತೆ ತೆರವಾದ ಸ್ಥಾನವನ್ನು ಆರು ತಿಂಗಳೊಳಗೆ ತುಂಬಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಉಂಟು. ಮೊಳಕಾಲ್ಮೂರಿನಿಂದ ವಿಧಾನಸಭೆಗೆ ಗೆದ್ದ ಬಿಜೆಪಿಯ ಬಿ. ಶ್ರೀರಾಮುಲು ಅವರ ಲೋಕಸಭಾ ಸ್ಥಾನ ತೆರವಾದದ್ದು 2018ರ ಮೇ 18ಕ್ಕೆ. ಆ ಲೋಕಸಭೆಯ ಅವಧಿ ಇದ್ದದ್ದು 2019ರ ಜೂನ್ 3ರವರೆಗೆ. ಒಂದು ವರ್ಷದ ಮೇಲೆ ಹದಿನಾರು ದಿನ ಉಳಿದಿತ್ತು. ಇದಕ್ಕೆ ಹೋಲಿಸಿ: ಅದೇ ವರ್ಷ ಆಂಧ್ರದ ಐವರು ಸಂಸದರ ರಾಜೀನಾಮೆ ಅಂಗೀಕಾರವಾದದ್ದು ಜೂನ್ 20ಕ್ಕೆ. ವರ್ಷ ತುಂಬಲಿಲ್ಲ, ಅಲ್ಲಿ ಉಪಚುನಾವಣೆಯೂ ಇಲ್ಲ. ಇಲ್ಲಿ ಷಡ್ಯಂತ್ರ ಹುಡುಕುವ ಅಗತ್ಯವಿಲ್ಲ, ಕ್ಯಾಲೆಂಡರ್ ಸಾಕು.

ಇನ್ನು ಅಂತರದ ಮಾತು. 2009ರಲ್ಲಿ, ಗಣಿಧಣಿಗಳಾದ ರೆಡ್ಡಿ ಸಹೋದರರ ಪ್ರಭಾವ ತುತ್ತತುದಿಯಲ್ಲಿದ್ದಾಗ, ಇದೇ ಶಾಂತಾ ಇದೇ ಕ್ಷೇತ್ರದಲ್ಲಿ ಪಡೆದ ಮತ 4,02,213. ಗೆದ್ದದ್ದು ಕೇವಲ 2,243 ಮತಗಳಿಂದ. ಕೋಟೆ ‘ಉರುಳಿದ’ ದಿನ ಅವರಿಗೆ ಕಡಿಮೆಯಾದದ್ದು 17,009 ಮತ. ಮತದಾರರ ಪಟ್ಟಿ ಒಂಬತ್ತು ವರ್ಷದಲ್ಲಿ ಬೆಳೆದಿದೆ, ಆದ್ದರಿಂದ ಪ್ರಮಾಣದಲ್ಲಿ ಇಳಿಕೆ ಹೆಚ್ಚೇ ಇದೆ. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಬುಡಸಮೇತ ಕಿತ್ತುಹೋದ ಪಕ್ಷದ ಲೆಕ್ಕ ಹೀಗಿರುವುದಿಲ್ಲ.

2019ರ ಅಂಕಿಗಳನ್ನು ಪಕ್ಕದಲ್ಲಿಟ್ಟರೆ ಚಿತ್ರ ತಿಳಿಯಾಗುತ್ತದೆ. ಆ ಸಲ ಬಿಜೆಪಿಯ ವೈ. ದೇವೇಂದ್ರಪ್ಪ 6,16,388 ಮತ ಪಡೆದರು, ಉಗ್ರಪ್ಪ 5,60,681. ಬಿಜೆಪಿಗೆ ಹೆಚ್ಚಿದ್ದು 2,31,184. ಕಾಂಗ್ರೆಸ್ಸಿಗೆ ತಗ್ಗಿದ್ದು 67,684 ಮಾತ್ರ. ಉಳಿದ 1,63,500 ಮತಗಳು ಎಲ್ಲಿಂದ ಬಂದವು? ನವೆಂಬರಿನಲ್ಲಿ ಈ ಎರಡು ಪಕ್ಷಗಳಲ್ಲಿ ಯಾವುದಕ್ಕೂ ಬೀಳದ ಮತಗಳವು. ಬಿಜೆಪಿಯ ಹೆಚ್ಚಳದಲ್ಲಿ ನೂರಕ್ಕೆ ಎಪ್ಪತ್ತರಷ್ಟು ಇದೇ. (ಇದು ನಿವ್ವಳ ಲೆಕ್ಕ. ಒಬ್ಬೊಬ್ಬ ಮತದಾರ ಯಾವ ಕಡೆಯಿಂದ ಯಾವ ಕಡೆಗೆ ಹೋದ ಎಂಬುದನ್ನು ಮೊತ್ತದ ಅಂಕಿಗಳಿಂದ ಸಾಧಿಸಲು ಬರುವುದಿಲ್ಲ. ಹಾಗೆ ಸಾಧಿಸಹೊರಟವರ ಲೇಖನಗಳು ನಮ್ಮಲ್ಲಿ ಬೇಕಾದಷ್ಟಿವೆ.) ಏಳು ತಿಂಗಳ ಸಂಸದನನ್ನು ಆರಿಸಲು, ದೀಪಾವಳಿಯ ಮುನ್ನಾದಿನಗಳ ಒಂದು ಶನಿವಾರ, ಬಿಜೆಪಿಯ ಮತದಾರ ಮನೆಯಲ್ಲೇ ಉಳಿದ. ನನ್ನ ವಾದ ಇಷ್ಟೇ. 2019ರದ್ದು ಮೋದಿ ಅಲೆ ಎನ್ನುವವರಿಗೆ ನನ್ನ ತಕರಾರಿಲ್ಲ: ಉಳಿದವರನ್ನು ಮತಗಟ್ಟೆಗೆ ತಂದದ್ದು ಆ ಅಲೆ ಎಂದೇ ಇಟ್ಟುಕೊಳ್ಳೋಣ.

ರೆಡ್ಡಿ ಸಹೋದರರಲ್ಲಿ ಒಬ್ಬರಾದ ಜನಾರ್ದನ ರೆಡ್ಡಿ ಊರಲ್ಲಿ ಇರಲಿಲ್ಲ, ಅದಕ್ಕೇ ಸೋಲು ಎಂಬ ವಾದವೂ ನಿಲ್ಲದು. ಗಣಿ ಪ್ರಕರಣದ ಜಾಮೀನಿನ ಷರತ್ತು ಅವರನ್ನು 2018ರಲ್ಲೂ ಬಳ್ಳಾರಿಯ ಹೊರಗಿಟ್ಟಿತ್ತು, 2019ರಲ್ಲೂ. ಎರಡು ಫಲಿತಾಂಶಗಳಿಗೂ ಸಮಾನವಾದ ಸಂಗತಿ ಅವುಗಳ ವ್ಯತ್ಯಾಸಕ್ಕೆ ಕಾರಣವಾಗುವುದು ಹೇಗೆ? ಕಾಂಗ್ರೆಸ್–ಜೆಡಿಎಸ್ ಮೈತ್ರಿಯ ಮಹಿಮೆ ಎನ್ನುವುದು ಅದೇ ದಿನ ಉಪಚುನಾವಣೆ ನಡೆದ ಮಂಡ್ಯಕ್ಕೆ ಒಪ್ಪೀತು. ಬಳ್ಳಾರಿ ಲೋಕಸಭಾ ವ್ಯಾಪ್ತಿಯ ಎಂಟು ವಿಧಾನಸಭಾ ಕ್ಷೇತ್ರಗಳಲ್ಲಿ 2018ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ಜೆಡಿಎಸ್ ಗೆದ್ದದ್ದು ಒಂದೂ ಇಲ್ಲ.

ಹಾಗಾದರೆ 2014ರಲ್ಲಿ ಶ್ರೀರಾಮುಲು ಪಡೆದ 5,34,406 ಮತ ಎಲ್ಲಿ ಕರಗಿತು? ಉತ್ತರ ನವೆಂಬರಿನಲ್ಲಿಲ್ಲ, ಮೇ ತಿಂಗಳಲ್ಲಿದೆ. ಆಗಲೇ ಎಂಟರಲ್ಲಿ ಆರು ಕ್ಷೇತ್ರ ಕಾಂಗ್ರೆಸ್ ಪಾಲಾಗಿದ್ದವು. ಹಂಪಿಯನ್ನೊಳಗೊಂಡ ವಿಜಯನಗರ (ಹೊಸಪೇಟೆ) ಕ್ಷೇತ್ರವನ್ನು ನೋಡಿ. 2013ರಲ್ಲಿ ಬಿಜೆಪಿಯಿಂದ ಗೆದ್ದ ಆನಂದ್ ಸಿಂಗ್ 2018ರ ಆರಂಭದಲ್ಲಿ ಕಾಂಗ್ರೆಸ್ ಸೇರಿ, ಮೇ ತಿಂಗಳಲ್ಲಿ ಆ ಪಕ್ಷದ ಶಾಸಕರಾದರು. ಕಂಪ್ಲಿಯಲ್ಲಿ ಶ್ರೀರಾಮುಲು ಅವರ ಸೋದರಳಿಯ ಟಿ.ಎಚ್. ಸುರೇಶ್ ಬಾಬು ಅವರನ್ನು ಕಾಂಗ್ರೆಸ್ಸಿನ ಜೆ.ಎನ್. ಗಣೇಶ್ ಸೋಲಿಸಿದರು. ಸಂಡೂರು ಅದೇ ಪಕ್ಷದ ಇ. ತುಕಾರಾಂ ಕೈಯಲ್ಲೇ ಉಳಿಯಿತು. ಅಂದರೆ ಉಗ್ರಪ್ಪ ಪಾವಗಡದ ಕಡೆಯಿಂದ ಬಂದು ನಾಮಪತ್ರ ಸಲ್ಲಿಸುವ ಹೊತ್ತಿಗೆ, ಊರೂರಿನಲ್ಲಿ ಚುನಾವಣೆ ಮಾಡುವವರು ಪಕ್ಷ ಬದಲಿಸಿ ಆಗಿತ್ತು.

ಆ ಬದಲಾವಣೆಯೂ ಗಟ್ಟಿಯದಲ್ಲ. 2019ರ ಜನವರಿಯಲ್ಲಿ ಬಿಡದಿಯ ರೆಸಾರ್ಟಿನಲ್ಲಿ ಆನಂದ್ ಸಿಂಗ್ ಮೇಲೆ ಹಲ್ಲೆ ಮಾಡಿದ ಆರೋಪದಲ್ಲಿ ಗಣೇಶ್ ಪಕ್ಷದಿಂದ ಅಮಾನತಾದರು. ಹೊಸಪೇಟೆ ಮತ್ತು ಕಂಪ್ಲಿಯ ಕಾಂಗ್ರೆಸ್ ಲೋಕಸಭಾ ಚುನಾವಣೆಗೆ ಇಳಿದದ್ದು ಈ ಬಿರುಕಿನೊಂದಿಗೆ. ಜುಲೈ 1ರಂದು ಸಿಂಗ್, ಉಕ್ಕು ಕಂಪನಿ ಜಿಂದಾಲ್‌ಗೆ 3,667 ಎಕರೆ ಮಾರುವುದನ್ನು ವಿರೋಧಿಸಿ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಗೆದ್ದು ಮರಳಿದ್ದು ಬಿಜೆಪಿಯಿಂದ. ಅದೇ ಹೊಸಪೇಟೆ, ಅದೇ ಅಭ್ಯರ್ಥಿ. ಇದನ್ನು ಬಿಟ್ಟು ಯುಗಾಂತ್ಯದ ಮಾತಾಡುವುದು ಸಂಶೋಧನೆಯಲ್ಲ.

ಕೋಟೆ ಬಿದ್ದದ್ದಕ್ಕೆ ಒಂದು ದಿನಾಂಕ ಬೇಕೇ ಬೇಕು ಎನ್ನುವವರು ಮುಂದೆ ಹುಡುಕಲಿ. 2023ರಲ್ಲಿ ಬಳ್ಳಾರಿ ಜಿಲ್ಲೆಯ ಐದಕ್ಕೆ ಐದೂ ಸ್ಥಾನ ಕಾಂಗ್ರೆಸ್ಸಿಗೆ ಹೋದವು. 2024ರ ಜೂನ್ 4ರಂದು ತುಕಾರಾಂ ಸ್ವತಃ ಶ್ರೀರಾಮುಲು ಅವರನ್ನೇ 98,992 ಮತಗಳಿಂದ ಸೋಲಿಸಿದರು, ಅದೂ ಸಾರ್ವತ್ರಿಕ ಚುನಾವಣೆಯಲ್ಲಿ. ಉಪಚುನಾವಣೆಯ ಎರಡೂವರೆ ಲಕ್ಷಕ್ಕಿಂತ ಈ ಒಂದು ಲಕ್ಷಕ್ಕೆ ಸಾಕ್ಷ್ಯವಾಗಿ ಬೆಲೆ ಹೆಚ್ಚು.