ಚೀಟಿಯಲ್ಲಿ ಇಲ್ಲದ ಹೆಸರು

ಸಾತಪುರದ ನನ್ನ ಮೇಜಿನ ಮೇಲೆ ಕಡಲೆಕಾಳಿನಷ್ಟು ದೊಡ್ಡ ಹಳದಿ ಹರಳೊಂದಿದೆ. ಅತಿನೇರಳೆ ದೀಪ ಹಿಡಿದರೆ ಬೆಳಗುತ್ತದೆ. ಜೊತೆಗೆ ಬಂದ ಚೀಟಿಯಲ್ಲಿ ಎರಡೇ ಸಾಲು: ‘ಪೋವೆಲೈಟ್. ಪಾಂಡುಲೇಣಾ ಗುಡ್ಡ, ನಾಸಿಕ.’ ಖನಿಜ ಸಂಗ್ರಹಿಸುವವರಿಗೆ ಚೀಟಿ ಕಳೆದರೆ ಕಲ್ಲಿನ ಬೆಲೆಯೇ ಕಳೆದಂತೆ. ಅನುವಾದ ಮಾಡಿ ಬದುಕುವ ನನಗಂತೂ ಕಲ್ಲಿಗಿಂತ ಚೀಟಿಯ ಮೇಲೇ ಕಣ್ಣು.

ಮೊದಲ ಸಾಲು ಅಮೆರಿಕದ್ದು. ಐಡಹೋದಲ್ಲಿ ಸಿಕ್ಕ ಹೊಸ ಖನಿಜವೊಂದಕ್ಕೆ 1891ರಲ್ಲಿ ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಂದಿನ ಮುಖ್ಯಸ್ಥ ಜಾನ್ ವೆಸ್ಲಿ ಪೋವೆಲ್ ಹೆಸರಿಟ್ಟರು. ಅದೇ ಖನಿಜ ಇಲ್ಲಿ ಸಿಕ್ಕಾಗಲೂ ಹೆಸರು ಅವರದೇ.

ಎರಡನೆಯ ಸಾಲು ನಮ್ಮೂರಿನದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಪದರಪದರವಾಗಿ ಹರಿದ ಲಾವಾ ಆರುವಾಗ ಒಳಗೆ ಗಾಳಿಗುಳ್ಳೆಗಳ ಪೊಳ್ಳು ಉಳಿಯಿತು. ಆಮೇಲೆ ನೀರು ಜಿನುಗಿ ಆ ಪೊಳ್ಳುಗಳಲ್ಲಿ ಸ್ಟಿಲ್ಬೈಟ್, ಅಪೊಫಿಲೈಟ್, ಅಪರೂಪಕ್ಕೆ ಪೋವೆಲೈಟ್ ಹರಳುಗಟ್ಟಿದವು.

ಹರಳಿಗಾಗಿ ಯಾರೂ ಈ ಗುಡ್ಡಗಳನ್ನು ಒಡೆಯಲು ಹೊರಟವರಲ್ಲ. ರಸ್ತೆಗೆ, ಮನೆಗೆ ಜಲ್ಲಿ ಬೇಕಿತ್ತು. ಸಿಡಿಮದ್ದಿಗೆ ಬಂಡೆ ಬಿರಿದಾಗ ಪೊಳ್ಳು ತೆರೆದುಕೊಳ್ಳುತ್ತದೆ. ಕ್ರಷರಿಗೆ ಹರಳೂ ಒಂದೇ, ಬಂಡೆಯೂ ಒಂದೇ. ಕ್ವಾರಿಯ ಕೂಲಿಯೊಬ್ಬ ಬಗ್ಗಿ ನೋಡಿ, ಹುಷಾರಾಗಿ ಬಿಡಿಸಿ, ಪಕ್ಕಕ್ಕಿಟ್ಟರೆ ಮಾತ್ರ ಅದು ಉಳಿಯುತ್ತದೆ. ಮಹಾರಾಷ್ಟ್ರದಲ್ಲಿ ಕಲ್ಲು ಒಡೆಯುವ ಕೆಲಸ ತಲೆಮಾರುಗಳಿಂದ ವಡಾರ ಸಮುದಾಯದ್ದು. ನಮ್ಮ ಕಡೆ ಭೋವಿ ಎಂದರೆ ನಿಮಗೆ ಗೊತ್ತಾಗುತ್ತದೆ. ಅವರ ಕೈ ದಾಟಿದ ಹರಳು ವ್ಯಾಪಾರಿಗೆ, ಅಲ್ಲಿಂದ ಅರಿಜೋನಾದ ಟೂಸಾನ್ ಮೇಳಕ್ಕೆ, ಹೊರದೇಶದ ಮ್ಯೂಸಿಯಂಗಳಿಗೆ ಹೋಗುತ್ತದೆ. ಕೆಲವು ಇಲ್ಲೇ ಉಳಿದಿವೆ. ನಾಸಿಕದ ಹತ್ತಿರ ಸಿನ್ನರಿನಲ್ಲಿ ಕೆ.ಸಿ. ಪಾಂಡೆ ಕಟ್ಟಿದ ಖನಿಜ ಮ್ಯೂಸಿಯಂ ಇದೆ. ಅದರ ಹೆಸರು ಗಾರಗೋಟಿ. ಮರಾಠಿಯಲ್ಲಿ ಬೆಣಚುಕಲ್ಲು ಎಂದರ್ಥ. ಅಷ್ಟು ಸಾದಾ ಹೆಸರು ನನಗೆ ಹಿಡಿಸಿತು.

ಚೀಟಿಯಲ್ಲಿರುವ ಗುಡ್ಡದಲ್ಲೇ ಪಾಂಡವಲೇಣಿಯ 24 ಬೌದ್ಧ ಗುಹೆಗಳಿವೆ. ಹದಿನೆಂಟನೆಯ ಗುಹೆಯ ಮುಂಭಾಗದ ಪ್ರಾಕೃತ ಶಾಸನವೊಂದು ಅದನ್ನು ಧಂಭಿಕ ಗ್ರಾಮದ ದಾನವೆಂದು ಹೇಳುತ್ತದೆ. ಸುಮಾರು ಎರಡು ಸಾವಿರ ವರ್ಷ ಕಳೆದರೂ ಕೊಟ್ಟ ಹಳ್ಳಿಯ ಹೆಸರು ಓದಲು ಸಿಗುತ್ತದೆ. ಉಳಿ ಹಿಡಿದವನ ಹೆಸರು ಆ ಸಾಲಿನಲ್ಲಿಲ್ಲ. ನಮ್ಮ ಚೀಟಿಗಳೂ ಅದೇ ಪಾಠ ಕಲಿತಿವೆ.

ಕಲ್ಲು ಕೊಟ್ಟವರನ್ನು ಕೇಳಿದೆ: ‘ಇದನ್ನು ಮೊದಲು ಕಂಡವರು ಯಾರು?’ ‘ಯಾರಿಗೆ ನೆನಪಿರುತ್ತದೆ? ಕ್ವಾರಿಯ ಯಾವನೋ ಹುಡುಗ’ ಅಂದರು. ಚೀಟಿಯ ಮೂರನೆಯ ಸಾಲಾಗಿ ಅದನ್ನೇ ಬರೆದಿಟ್ಟಿದ್ದೇನೆ. ನೀವು ಕಲ್ಲು ಕೂಡಿಸುವವರಾದರೆ, ಮುಂದಿನ ಸಲ ಬೆಲೆ ಕೇಳುವ ಮೊದಲು ಆ ಪ್ರಶ್ನೆ ಕೇಳಿ. ಎಲ್ಲೋ ಒಬ್ಬರಿಗಾದರೂ ಹೆಸರು ನೆನಪಿದ್ದೀತು.