ಜತ್ತ ಸೀಮೆಯ ತಂಬಾಕು ಮತ್ತು ಬಾಯಿಯ ಹುಣ್ಣು

ಮಹಾರಾಷ್ಟ್ರದ ಜತ್ತ ತಾಲೂಕಿನ ಉಮದಿ, ಸಂಖ, ಗುಡ್ಡಾಪುರದಂಥ ಕನ್ನಡ ಮಾತಿನ ಊರುಗಳಲ್ಲಿ ಎಲೆ-ಅಡಿಕೆಯು ದೇವರ ಪೂಜೆಗೂ ಮದುವೆಯ ಮಾತುಕತೆಗೂ ಬೇಕಾದ ಹಳೆಯ ಮರ್ಯಾದೆಯ ವಸ್ತುವಾದರೆ, ಸಂಚಿಯೊಳಗೆ ಅದರ ಜೊತೆ ಸೇರಿಕೊಂಡ ತಂಬಾಕು ಬಹಳ ಈಚಿನದು. ಅಮೆರಿಕ ಖಂಡದ ಈ ಗಿಡ ಪೋರ್ಚುಗೀಸರ ಮೂಲಕ ಪಶ್ಚಿಮ ಕರಾವಳಿಗೆ ಬಂದಿತು. ಅಕ್ಬರನ ರಾಯಭಾರಿಯಾಗಿ ಆದಿಲಶಾಹಿ ಆಸ್ಥಾನಕ್ಕೆ ಬಂದಿದ್ದ ಅಸದ್ ಬೇಗನು 1604ರ ಸುಮಾರಿಗೆ ವಿಜಯಪುರದಲ್ಲಿ ಅದನ್ನು ಕಂಡು, ಹೊಸ ವಸ್ತುವೆಂದು ಅಕ್ಬರನ ಬಳಿಗೆ ಒಯ್ದನು. ಮುಂದೆ ಡಫಳೆ ಮನೆತನದ ಸಂಸ್ಥಾನವಾಗಿ 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾದ ಜತ್ತ ಸೀಮೆ ಆಗ ವಿಜಯಪುರದ ಆಳ್ವಿಕೆಯಲ್ಲೇ ಇತ್ತು.

ಅಂಗೈಯಲ್ಲಿ ಸುಣ್ಣ ಬೆರೆಸಿ ಹೆಬ್ಬೆರಳಿನಿಂದ ತಿಕ್ಕಿದ ತಂಬಾಕನ್ನು ಗಲ್ಲದ ಸಂದಿನಲ್ಲಿ ತಾಸುಗಟ್ಟಲೆ ಇಟ್ಟುಕೊಳ್ಳುವುದು, ಹಂಚಿನ ಮೇಲೆ ಕರಿದಾಗುವಂತೆ ಹುರಿದು ಪುಡಿಮಾಡಿದ ಮಿಶ್ರಿಯಿಂದ ಹೆಂಗಸರು ಹಲ್ಲುಜ್ಜುವುದು ಈ ಭಾಗದ ರೂಢಿಗಳಾದವು. ಇದರ ಫಲವನ್ನು ವೈದ್ಯರು ನಿಧಾನವಾಗಿ ಗುರುತಿಸಿದರು. 1933ರಲ್ಲಿ ಓರ್ ಎಂಬ ವೈದ್ಯನು ತಿರುವಾಂಕೂರಿನ ಎಲೆ-ಅಡಿಕೆ ಜಗಿಯುವವರ ಬಾಯಿಯ ಕ್ಯಾನ್ಸರ್ ಕುರಿತು ಬರೆದನು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ತಂಬಾಕು ಬೆರೆತ ಎಲೆ-ಅಡಿಕೆಯನ್ನು 1985ರಲ್ಲಿ ಕ್ಯಾನ್ಸರ್‌ಕಾರಕವೆಂದು ಸಾರಿ, 2004ರಲ್ಲಿ ಅಡಿಕೆಯನ್ನೂ ಅದೇ ಸಾಲಿಗೆ ಸೇರಿಸಿತು. ಪೂಜೆಯ ತಟ್ಟೆಯಲ್ಲಿರುವ ಅಡಿಕೆಗೆ ಈ ಮಾತು ಕಠಿಣವೆನಿಸಿದರೂ ಅದನ್ನು ಒಪ್ಪದೆ ಗತಿಯಿಲ್ಲ.

ಈ ಕ್ಯಾನ್ಸರ್ ಹೇಗೆ ಹರಡುತ್ತದೆಂದು ತಿಳಿಯಲು ಬಾಯಿಯ ಒಳಗನ್ನು ನೋಡಬೇಕು. ಗಲ್ಲದ ಒಳಪದರದ ಜೀವಕೋಶಗಳು ಒಂದನ್ನೊಂದು ಬಿಗಿಯಾಗಿ ಹಿಡಿದಿರುವುದು ಅವುಗಳ ಮೈಮೇಲಿನ ಬೆಸುಗೆಯ ಅಣುಗಳಿಂದ. ಇವುಗಳಲ್ಲಿ ಮುಖ್ಯವಾದುದು ಇ-ಕ್ಯಾಡ್ಹೆರಿನ್ ಎಂಬ ಪ್ರೋಟೀನು. ಕ್ಯಾಲ್ಸಿಯಂ ಇದ್ದಾಗ ಮಾತ್ರ ಕೋಶಗಳನ್ನು ಅಂಟಿಸುವ ಈ ಬಗೆಯ ಅಣುಗಳಿಗೆ ಜಪಾನಿನ ಮಸಾತೋಶಿ ತಾಕೇಯಿಚಿ ಮತ್ತು ಸಂಗಡಿಗರು 1984ರಲ್ಲಿ ಕ್ಯಾಡ್ಹೆರಿನ್ ಎಂಬ ಹೆಸರಿಟ್ಟರು. ಹಾಗೆಂದು ತಂಬಾಕಿಗೆ ಬೆರೆಸುವ ಸುಣ್ಣದ ಕ್ಯಾಲ್ಸಿಯಂ ಈ ಬೆಸುಗೆಯನ್ನು ಗಟ್ಟಿಮಾಡುತ್ತದೆಂದು ತಿಳಿಯಬಾರದು. ಸುಣ್ಣದ ಕ್ಷಾರದಲ್ಲಿ ಅಡಿಕೆಯ ಒಗರಿನ ಅಂಶಗಳು ಕೋಶದ ವಂಶವಾಹಿಗೆ ಪೆಟ್ಟು ಕೊಡುವ ಉಗ್ರ ಆಮ್ಲಜನಕವನ್ನು ಹುಟ್ಟಿಸುತ್ತವೆ. ಹೀಗೆ ಹುಟ್ಟಿದ ಕ್ಯಾನ್ಸರ್ ಒಳಕ್ಕೆ ಇಳಿಯುತ್ತಿರುವ ಅಂಚಿನಲ್ಲಿ ಅನೇಕ ವೇಳೆ ಇ-ಕ್ಯಾಡ್ಹೆರಿನ್ ಕಡಿಮೆಯಾಗಿರುತ್ತದೆ. ಕೋಶಗಳನ್ನು ಅಡಿಪದರಕ್ಕೆ ಕಚ್ಚಿಸುವ ಇಂಟೆಗ್ರಿನ್ ಅಣುಗಳೂ ಬದಲಾಗುತ್ತವೆ. ಹಿಡಿತ ಸಡಿಲಿದ ಕೋಶಗಳು ಪದರ ದಾಟಿ ಕುತ್ತಿಗೆಯ ಗ್ರಂಥಿಗಳನ್ನು ಸೇರುತ್ತವೆ.

ಮಹಾರಾಷ್ಟ್ರದಲ್ಲಿ 2012ರಲ್ಲಿ ಗುಟಖಾ ನಿಷೇಧವಾಯಿತು, ಸಂಚಿಯ ತಂಬಾಕು ಉಳಿಯಿತು. ಎರಡು-ಮೂರು ವಾರವಾದರೂ ಮಾಯದ ಹುಣ್ಣನ್ನೋ ಬಿಳಿ, ಕೆಂಪು ಕಲೆಯನ್ನೋ ಬಾಯಲ್ಲಿ ಕಂಡವರು ಕುತ್ತಿಗೆಯಲ್ಲಿ ಗಂಟು ಏಳುವ ತನಕ ಕಾಯದೆ, ಮಿರಜಿಗಾಗಲಿ ವಿಜಯಪುರಕ್ಕಾಗಲಿ ಹೋಗಿ ವೈದ್ಯರಿಗೆ ತೋರಿಸಬೇಕು.