ಚುಕ್ಕೆಯೋ ಕುಳಿಯೋ: ಮನೆಯ ದೀಪದಲ್ಲಿ ಆನೆ ಕಾಸಿನ ಛಾಯಾಗ್ರಹಣ

ಟಿಪ್ಪು ಸುಲ್ತಾನನ ತಾಮ್ರದ ಪೈಸೆಗೆ ಒಂದು ಮುಖದಲ್ಲಿ ಆನೆ, ಇನ್ನೊಂದು ಮುಖದಲ್ಲಿ ಪರ್ಶಿಯನ್ ಲಿಪಿಯಲ್ಲಿ ಟಂಕಸಾಲೆಯ ಹೆಸರು. ಚಿತ್ರದುರ್ಗದಲ್ಲಿ ಅಚ್ಚಾದ ಕಾಸಾದರೆ ಅಲ್ಲಿರುವುದು ಟಿಪ್ಪು ಆ ಊರಿಗೆ ಇಟ್ಟ ಹೆಸರು, ಫರ್ರುಖ್‌ಯಾಬ್ ಹಿಸಾರ್. 1997ರವರೆಗೂ ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಹರಿಹರ ಸೀಮೆಯವರಿಗೆ ಇದು ಹತ್ತಿರದ ಟಂಕಸಾಲೆ. ಕೈಗೆ ಸಿಕ್ಕ ಆನೆ ಕಾಸು ದುರ್ಗದ್ದೋ, ನಗರದ್ದೋ, ಶ್ರೀರಂಗಪಟ್ಟಣದ್ದೋ ಎಂದು ತೀರ್ಮಾನಿಸುವುದು ಸವೆದ ಕೆಲವು ಗೆರೆ, ಚುಕ್ಕೆಗಳಿಂದ. ಹಾಗಾಗಿ ಛಾಯಾಚಿತ್ರ ಇಲ್ಲಿ ಅಲಂಕಾರವಲ್ಲ, ಸಾಕ್ಷ್ಯ. ಆ ಸಾಕ್ಷ್ಯವನ್ನು ಸ್ಟುಡಿಯೋ ಇಲ್ಲದೆ, ಮನೆಯ ದೀಪದಲ್ಲೇ ಪಡೆಯಬಹುದು ಎಂಬುದು ಹರಿಹರದ ಬಳಿಯ ಗುತ್ತೂರಿನ ನಮ್ಮ ಅಡುಗೆಮನೆಯ ಮೇಜಿನ ಮೇಲೆ ನಾನು ಕಂಡುಕೊಂಡದ್ದು.

ಅಜ್ಜಿಯ ಪೆಟ್ಟಿಗೆಯಲ್ಲಿದ್ದ ಕಾಸನ್ನು ಮೊದಲು ಮೊಬೈಲಿನ ಫ್ಲ್ಯಾಶ್ ಹಾಕಿ ತೆಗೆದೆ. ಅಕ್ಷರ ಇರಬೇಕಾದ ಕಡೆ ಬಿಳಿ ಮಚ್ಚೆ ಕೂತಿತ್ತು. ಕಾರಣ ಸರಳ. ಕಲ್ಲು, ಬಟ್ಟೆ, ಕಾಗದ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುತ್ತವೆ. ಲೋಹ ಬಹುಮಟ್ಟಿಗೆ ಕನ್ನಡಿಯಂತೆ ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಕಾಸಿನಲ್ಲಿ ಕಾಣುವ ಹೊಳಪು ದೀಪದ ಪ್ರತಿಬಿಂಬವೇ. ದೀಪ ಚಿಕ್ಕದಾದಷ್ಟೂ ಹೊಳಪು ಮೊನಚಾಗಿ ಕಣ್ಣು ಕುಕ್ಕುತ್ತದೆ. ಹಳೆಯ ನಾಣ್ಯ ಸೂಚಿಗಳ ಚಿತ್ರಪಟಗಳಿಗೆ ಮೂಲ ನಾಣ್ಯವನ್ನು ಬಿಟ್ಟು ಅದರ ಪ್ಲಾಸ್ಟರ್ ಅಚ್ಚಿನ ಫೋಟೋ ತೆಗೆಯುತ್ತಿದ್ದದ್ದು ಈ ಹೊಳಪಿನಿಂದ ತಪ್ಪಿಸಿಕೊಳ್ಳಲು. ಆದರೆ ಪ್ಲಾಸ್ಟರಿನಲ್ಲಿ ಲೋಹದ ಬಣ್ಣವೂ ಕಿಲುಬೂ ಉಳಿಯುವುದಿಲ್ಲ.

ಅಕ್ಷರ ಎದ್ದು ಕಾಣಲಿ ಎಂದು ಕಾಸನ್ನು ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ನಮ್ಮ ಮನೆಯಲ್ಲೂ ಒಂದು ಕಾಸು ಹಾಗೆ ಹಾಳಾಯಿತು. ಇನ್ನೂರು ವರ್ಷದ ಕಪ್ಪು ಪೊರೆ ಅರ್ಧ ಗಂಟೆಯಲ್ಲಿ ಹೋಯಿತು, ಅದರೊಡನೆ ತೆಳುವಾದ ಗೆರೆಗಳೂ ಹೋದವು. ಈ ಮಾತನ್ನು ಎಷ್ಟು ಸಲ ಹೇಳಿದರೂ ಸಾಲದು: ಬದಲಾಗಬೇಕಾದದ್ದು ಬೆಳಕು, ಕಾಸಲ್ಲ.

ನನ್ನ ಜೋಡಣೆ ಹೀಗಿದೆ. ಕೆಳಗೆ ಮಕ್ಕಳ ಸ್ಲೇಟು. ಅದರ ಮೇಲೆ ಒಂದು ರಬ್ಬರ್ ತುಂಡು, ತುಂಡಿನ ಮೇಲೆ ಕಾಸು. ಹೀಗೆ ಎತ್ತರಿಸಿದರೆ ನೆರಳು ಅಂಚಿನಿಂದ ದೂರ ಬೀಳುತ್ತದೆ. ಎರಡು ಪುಸ್ತಕದ ರಾಶಿಗಳ ನಡುವೆ ಮೊಬೈಲನ್ನು ಕಾಸಿಗೆ ಸಮಾನಾಂತರವಾಗಿ ಮಲಗಿಸಿ, ತೀರ ಹತ್ತಿರ ಹೋಗದೆ ಎರಡು ಪಟ್ಟು ಜೂಮ್ ಮಾಡಿ, ಎರಡು ಸೆಕೆಂಡಿನ ಟೈಮರ್ ಇಡುತ್ತೇನೆ. ಓದುವ ಮೇಜಿನ ಎಲ್‌ಇಡಿ ದೀಪ ಒಂದೇ ಸಾಕು. ಕೋಣೆಯ ಬೇರೆ ದೀಪ ಆರಿಸಬೇಕು, ಇಲ್ಲದಿದ್ದರೆ ಎರಡು ಬಣ್ಣದ ಬೆಳಕು ಬೆರೆತು ತಾಮ್ರದ ನಿಜಬಣ್ಣ ಕೆಡುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್ ಆದ್ದರಿಂದ ಅಗ್ಗದ ಬಲ್ಬು ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಚಿತ್ರದಲ್ಲಿ ಪಟ್ಟೆ ಬಂದರೆ ಷಟರ್ ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟುಕೊಳ್ಳಬೇಕು.

ಮುಖ್ಯವಾದದ್ದು ದೀಪದ ಕೋನ. ಕಪ್ಪಾದ ತಾಮ್ರಕ್ಕೆ ಓರೆ ಬೆಳಕು ಬೇಕು, ಮೇಜಿನಿಂದ ಸುಮಾರು 20 ಡಿಗ್ರಿ ಎತ್ತರದಲ್ಲಿ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾದ ಮೇಲೆ ಲೇತ್ ಕೆಲಸ ಈ ಊರಿನ ಕೈಗೆ ಹತ್ತಿತು. ಕಡೆದ ತುಂಡನ್ನು ಬೆಳಕಿಗೆ ಓರೆ ಹಿಡಿದು ಗೀರು ಹುಡುಕುವವರ ವಿದ್ಯೆಯೂ ಇದೇ. ಹರಿಹರೇಶ್ವರ ದೇವಾಲಯದ ಶಾಸನಗಳ ಮೇಲೆ ಇಳಿಬಿಸಿಲು ಬಿದ್ದಾಗ ನಿಂತು ನೋಡಿದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಚಿನ್ನದ ಮಾತು ಬೇರೆ. ಕಂಠೀರವ ನರಸರಾಜ ಒಡೆಯರ (1638–1659) ‘ಹಣ’ ಎಂಬ ನಾಣ್ಯ ಕಿರುಬೆರಳಿನ ಉಗುರಿಗಿಂತಲೂ ಚಿಕ್ಕದು, ಹೊಳಪು ಅದರ ನರಸಿಂಹನನ್ನೇ ನುಂಗುತ್ತದೆ. ಅದಕ್ಕೆ ತಳ ಕತ್ತರಿಸಿದ ಬಿಳಿ ಮೊಸರು ಡಬ್ಬಿಯನ್ನು ಸುತ್ತ ಇಟ್ಟು, ಹೊರಗಿನಿಂದ ದೀಪ ಹಿಡಿದರೆ ಡಬ್ಬಿಯ ಗೋಡೆಯೇ ದೊಡ್ಡ ಮೆತ್ತನೆಯ ದೀಪವಾಗುತ್ತದೆ.

ಮೊದಲ ಚಿತ್ರಕ್ಕೆ ದೀಪ ಯಾವಾಗಲೂ ಮೇಲಿನ ಎಡಗಡೆಯಿಂದ ಬರಲಿ. ಬೆಳಕು ಮೇಲಿನಿಂದಲೇ ಬರುತ್ತದೆಂದು ನಮ್ಮ ಕಣ್ಣು ನಂಬಿರುವುದರಿಂದ, ಕೆಳಗಿನಿಂದ ಬೆಳಗಿಸಿದರೆ ಉಬ್ಬಿದ ಆನೆ ಕೊರೆದ ಆನೆಯಂತೆ ತೋರುತ್ತದೆ.

ಇನ್ನು ಚುಕ್ಕೆಯ ಪ್ರಶ್ನೆ. ಫರ್ರುಖ್‌ಯಾಬ್ ಎಂಬ ಪದದಲ್ಲಿ ಫ, ಖ, ಯ, ಬ ನಾಲ್ಕಕ್ಕೂ ಚುಕ್ಕೆಗಳಿವೆ. ಹಿಸಾರ್ ಎಂಬ ಪದದಲ್ಲಿ ಒಂದೂ ಇಲ್ಲ. ಸವೆದ ಕಾಸಿನಲ್ಲಿ ಕಿಲುಬು ತಿಂದ ಕುಳಿ ಚುಕ್ಕೆಯಂತೆಯೇ ಕಾಣುತ್ತದೆ. ಒಂದೇ ಚಿತ್ರ ನೋಡಿ ಇದನ್ನು ಬಿಡಿಸಲು ಹೋಗಬಾರದು. ಕಾಸನ್ನೂ ಮೊಬೈಲನ್ನೂ ಕದಲಿಸದೆ ದೀಪವನ್ನು ಮಾತ್ರ ಎಡದಿಂದ ಬಲಕ್ಕೆ ಒಯ್ದು ಎರಡನೆಯ ಚಿತ್ರ ತೆಗೆಯಬೇಕು. ಉಬ್ಬಿದ ಚುಕ್ಕೆಯಾದರೆ ದೀಪದ ಕಡೆಯ ಅಂಚು ಬೆಳಗುತ್ತದೆ, ನೆರಳು ಆಚೆ ಬೀಳುತ್ತದೆ. ಕುಳಿಯಾದರೆ ದೀಪದ ಕಡೆಯ ಅಂಚೇ ಕತ್ತಲು, ಎದುರಿನ ಗೋಡೆ ಬೆಳಕು. ದೀಪ ಎಲ್ಲಿತ್ತು ಎಂಬುದನ್ನು ವ್ಯಾಸ, ತೂಕಗಳ ಜೊತೆಗೇ ಚಿತ್ರದ ಅಡಿ ಬರೆಯಬೇಕು. ಬರೆಯದಿದ್ದರೆ ಇನ್ನೊಬ್ಬರು ಈ ಓದನ್ನು ಪರೀಕ್ಷಿಸಲಾರರು.

ಅಜ್ಜಿಯ ಕಾಸಿನಲ್ಲಿ ಫಕಾರದ ಮೇಲಿನದು ಚುಕ್ಕೆಯೆಂದೇ ನಾನು ನಂಬಿದ್ದೆ. ಬಲದಿಂದ ದೀಪ ಹಿಡಿದಾಗ ಅದರ ಬಲ ಅಂಚು ಕಪ್ಪಾಯಿತು. ಅದು ಕುಳಿ. ಖಕಾರದ ಚುಕ್ಕೆ ಎರಡೂ ಚಿತ್ರಗಳಲ್ಲಿ ಉಬ್ಬಾಗಿಯೇ ನಿಂತಿತು, ಅದರ ಪಕ್ಕದ ಬಾಗಿದ ಗೆರೆಯೂ ಸ್ಪಷ್ಟವಾಯಿತು. ಟಿಪ್ಪಣಿಯಲ್ಲಿ ಮೊದಲ ಚುಕ್ಕೆಯನ್ನು ಹೊಡೆದುಹಾಕಿ, ಎರಡನೆಯದನ್ನು ಉಳಿಸಿಕೊಂಡಿದ್ದೇನೆ.